ಭಾಷೆ ಕಲಿಯುವ ಹೊರೆ ಯಾರ ಹೆಗಲಿಗೆ?

(ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಪಕ್ಷದ ಆಶ್ರಯದಲ್ಲಿ ನಡೆದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಗಳಲ್ಲಿ ನಮ್ಮ ಸಂಘಟಕರು ಮಾಡಿದ ಭಾಷಣ. ಮೂರೂ ಕಡೆಯ ಮಾತುಗಳನ್ನು ಒಂದುಗೂಡಿಸಿ ಇಲ್ಲಿ ಕೊಟ್ಟಿದೆ. — ಸಂ.)



ಈ ಸಭೆಗೆ ಭಾಷೆಯ ವಿಷಯ ಇಟ್ಟಾಗ ನಮ್ಮ ಸಂಗಡಿಗರೊಬ್ಬರು ಆಕ್ಷೇಪ ಎತ್ತಿದರು. "ಕೂಲಿ, ಬೋನಸ್ಸು, ಪಡಿತರ, ಇವುಗಳ ಮಾತು ಬಿಟ್ಟು ಭಾಷೆಯ ಮಾತು ಏತಕ್ಕೆ? ಅದು ಸಾಹಿತಿಗಳ ಕೆಲಸ, ರಾಜ್ಯೋತ್ಸವದ ದಿನ ಆಡುವ ಮಾತು" ಎಂದರು. ಅವರ ಆಕ್ಷೇಪದಲ್ಲಿ ನ್ಯಾಯವಿದೆ. ನವೆಂಬರ್ ಒಂದನೆಯ ತಾರೀಖು ಬಾವುಟ ಕಟ್ಟಿ, ಭುವನೇಶ್ವರಿಗೆ ಹಾರ ಹಾಕಿ, ಎರಡನೆಯ ತಾರೀಖು ಎಲ್ಲವನ್ನೂ ಮರೆಯುವ ಭಾಷಾಭಿಮಾನವನ್ನು ನಾವೂ ಸಾಕಷ್ಟು ನೋಡಿದ್ದೇವೆ. ಇಲ್ಲಿ ಅಂಥ ಮಾತು ಆಡುವುದಿಲ್ಲ. ಕೂಲಿಯ ಮಾತನ್ನೇ ಆಡುತ್ತೇವೆ. ಕೂಲಿ ಕೈತಪ್ಪಿ ಹೋಗುವುದರಲ್ಲಿ ಭಾಷೆಗೂ ಪಾಲಿದೆ ಎಂಬುದನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ.

ಒಂದು ಕಾಗದದ ಕಥೆ

ಕೆಲವು ವರ್ಷಗಳ ಹಿಂದೆ ಒಬ್ಬ ಗಿರಣಿ ಕೆಲಸಗಾರರು ಸಂಜೆ ಹೊತ್ತು ನಮ್ಮ ಕಚೇರಿಗೆ ಬಂದರು. ಊರಿನ ಹೆಸರು, ಗಿರಣಿಯ ಹೆಸರು ಬೇಡ. ಹತ್ತೊಂಬತ್ತು ವರ್ಷ ಒಂದೇ ಕಡೆ ದುಡಿದವರು. ಕೈಯಲ್ಲಿ ಒಂದು ಕಾಗದವಿತ್ತು. "ಮೇಷ್ಟ್ರೆ, ತಿಂಗಳ ಲೆಕ್ಕ ಕೊಟ್ರು. ಲೆಕ್ಕ ಮುಟ್ಟಿದ್ದಕ್ಕೆ ರುಜು ಹಾಕಣ್ಣ ಅಂದ್ರು, ಹಾಕ್ದೆ. ಇವತ್ತು ಗೇಟ್ನಲ್ಲಿ ಒಳಕ್ಕೆ ಬಿಡ್ಲಿಲ್ಲ. ಇದರಲ್ಲಿ ಏನು ಬರ್ದದೆ ನೋಡಿ" ಎಂದರು.

ಕಾಗದ ಇಂಗ್ಲಿಷಿನಲ್ಲಿತ್ತು. ನಾವು ಮೆಟ್ರಿಕ್ ಓದಿದವರು. ಇಂಗ್ಲಿಷ್ ಅಕ್ಷರ ಬಲ್ಲೆವು, ಬಸ್ಸಿನ ಬೋರ್ಡು ಓದಬಲ್ಲೆವು, ಔಷಧಿಯ ಸೀಸೆ ಓದಬಲ್ಲೆವು. ಆ ಕಾಗದವನ್ನು ಮೂರು ಸಲ ಓದಿದರೂ ಅದರ ಹುರುಳು ನಮಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳುವುದಕ್ಕೆ ನಾಚಿಕೆಯಾಗಿ, "ನಾಳೆ ಹೇಳುತ್ತೇವೆ" ಎಂದು ಕಳಿಸಿದೆವು. ಮಾರನೆಯ ದಿನ ವಕೀಲರೊಬ್ಬರು ಓದಿ ಹೇಳಿದರು. ಈ ಮನುಷ್ಯ ತನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾನೆ, ಗ್ರಾಚುಯಿಟಿಯೂ ಸೇರಿ ಬರಬೇಕಾದ ಹಣವೆಲ್ಲ ಸಂದಾಯವಾಗಿದೆ, ಇನ್ನು ಮುಂದೆ ಯಾವ ತಕರಾರೂ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಅವರಿಗೆ ಮುಟ್ಟಿದ್ದು ಒಂದು ತಿಂಗಳ ಸಂಬಳ ಮಾತ್ರ!

ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದ ಮೇಲೆ ಒಂದಿಷ್ಟು ಹಣ ಬಂತು. ಎಲ್ಲ ಬರಲಿಲ್ಲ. ಆ ಕಾಗದ ಕನ್ನಡದಲ್ಲಿದ್ದಿದ್ದರೆ ಅವರು ರುಜು ಹಾಕುತ್ತಿದ್ದರೇ? ಏಳನೆಯ ತರಗತಿಯವರೆಗೆ ಓದಿದ ಮನುಷ್ಯ. ಪ್ರತಿದಿನ ಚಹದಂಗಡಿಯಲ್ಲಿ ಪತ್ರಿಕೆ ಓದುವ ಮನುಷ್ಯ. ಅವರನ್ನು ಅನಕ್ಷರಸ್ಥ ಎಂದು ಯಾರೂ ಹೇಳಲಾಗದು. ಆದರೂ ಆ ಒಂದು ಕಾಗದದ ಎದುರಿಗೆ ಅವರು ಹೆಬ್ಬೆಟ್ಟಿನವರಾದರು. ನಾವೂ ಆದೆವು.

ಬಂಧುಗಳೇ, ಇಂಥ ಮೋಸ ಆಗಬಾರದೆಂಬ ತಿಳಿವಳಿಕೆ ಕಾಯಿದೆ ಮಾಡಿದವರಿಗೆ ಇರಲಿಲ್ಲವೆಂದಲ್ಲ. ಕಾರ್ಖಾನೆಯ ಸ್ಥಾಯಿ ಆದೇಶಗಳ ಬಗ್ಗೆ 1946ರಲ್ಲಿ ಮಾಡಿದ ಕಾಯಿದೆಯಲ್ಲಿ, ಆ ಆದೇಶಗಳನ್ನು ಇಂಗ್ಲಿಷಿನಲ್ಲಿಯೂ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕೆಂದು ಬರೆದಿತ್ತು. 1948ರ ಕಾರ್ಖಾನೆ ಕಾಯಿದೆಯಲ್ಲಿಯೂ ಸೂಚನಾ ಫಲಕಗಳ ಬಗ್ಗೆ ಇದೇ ಮಾತಿತ್ತು. ಆ ಹಳೆಯ ಕಾಯಿದೆಗಳ ಜಾಗಕ್ಕೆ ಈಗ ಹೊಸ ಸಂಹಿತೆಗಳು ಬಂದಿವೆ. ಯಾವ ಕಾಯಿದೆ ಬರಲಿ, ಯಾವುದು ಹೋಗಲಿ, "ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲಿ" ಎಂಬ ಆ ಮೂರು ಮಾತುಗಳನ್ನು ನಾವು ಬಿಟ್ಟುಕೊಡಲಾಗದು. ಗೋಡೆಗೆ ಅಂಟಿಸುವ ಕಾಗದಕ್ಕೆ ಇರುವ ನ್ಯಾಯ ನಮ್ಮ ಕೈಯಿಂದ ರುಜು ಪಡೆಯುವ ಕಾಗದಕ್ಕೂ ಇರಬೇಕು.

ಕರ್ನಾಟಕದ ರಾಜ್ಯಭಾಷಾ ಕಾಯಿದೆ ಆದದ್ದು 1963ರಲ್ಲಿ. ಇಷ್ಟು ವರ್ಷಗಳಾದ ಮೇಲೂ ಬ್ಯಾಂಕಿನ ಸಾಲದ ಕರಾರಿಗೆ, ವಿಮೆಯ ಪತ್ರಕ್ಕೆ ಓದದೆ ರುಜು ಹಾಕುವವರು ಈ ಸಭೆಯಲ್ಲಿ ಎಷ್ಟು ಜನರಿದ್ದೀರಿ? ಕೈ ಎತ್ತುವುದು ಬೇಡ. ನಾವೂ ಹಾಕಿದ್ದೇವೆ. ಅಂಗಡಿ ಇಟ್ಟಿರುವ ವರ್ತಕರೂ ಹಾಕಿದ್ದೀರಿ. ಈ ವಿಷಯದಲ್ಲಿ ಹಮಾಲಿಗೂ ಸಣ್ಣ ಅಂಗಡಿಯವನಿಗೂ ವ್ಯತ್ಯಾಸವಿಲ್ಲ.

ನಮ್ಮ ಊರುಗಳ ಮಾತು

ಹಾಗಾದರೆ "ಎಲ್ಲರೂ ಇಂಗ್ಲಿಷ್ ಕಲಿತುಬಿಡಿ, ತೊಂದರೆ ತೀರಿತು" ಎನ್ನುವವರಿದ್ದಾರೆ. ಅದಕ್ಕೆ ಉತ್ತರ ಕೊಡುವ ಮೊದಲು, ನಮ್ಮ ಜನ ಭಾಷೆಗಳನ್ನು ಹೇಗೆ ಕಲಿಯುತ್ತಾರೆ ಎಂಬುದನ್ನು ಸ್ವಲ್ಪ ನೋಡೋಣ. ದೂರ ಹೋಗಬೇಕಾಗಿಲ್ಲ, ನಮ್ಮ ಈ ಮೂರು ಊರುಗಳೇ ಸಾಕು.

ಬೀರೂರು ಜಂಕ್ಷನ್ನಿನಲ್ಲಿ ರೈಲು ಕವಲೊಡೆಯುತ್ತದೆ. ಒಂದು ದಾರಿ ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಭದ್ರಾವತಿ, ಶಿವಮೊಗ್ಗದ ಕಡೆಗೆ. ರೈಲಿನ ಹಿಂದೆಯೇ ಜನ ಬಂದರು, ಜನರ ಹಿಂದೆ ಮಾತು ಬಂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕೆಲಸ ಪ್ರಾರಂಭವಾಯಿತು. ತಮಿಳು, ತೆಲುಗು ಆಡುವ ಕೆಲಸಗಾರರು ಅಲ್ಲಿಗೆ ಬಂದು ನೆಲೆಸಿದರು. ಅಡಿಕೆ, ಕೊಬ್ಬರಿ, ಈರುಳ್ಳಿಯ ವ್ಯಾಪಾರದಲ್ಲಿ ಉರ್ದು ಆಡುವವರು, ಮರಾಠಿ ಆಡುವವರು, ಮಾರವಾಡಿಗಳು ಇದ್ದಾರೆ. ಗುಡ್ಡದ ಮಗ್ಗುಲಿನ ತಾಂಡಾಗಳಲ್ಲಿ ಲಂಬಾಣಿ ಆಡುತ್ತಾರೆ. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ಕನ್ನಡ ತಾಯ್ನುಡಿಯಾದವರು ನೂರಕ್ಕೆ ಸುಮಾರು 66 ಮಂದಿ. ಉರ್ದು ತಾಯ್ನುಡಿಯವರು ಸುಮಾರು 11 ಮಂದಿ. ಉಳಿದವರು ತೆಲುಗು, ತಮಿಳು, ಮರಾಠಿ, ತುಳು, ಲಂಬಾಣಿ, ಕೊಂಕಣಿ ಮುಂತಾದ ನುಡಿಗಳವರು. ಇವರೆಲ್ಲರೂ ಸೇರಿದರೇ ಕರ್ನಾಟಕ.

ನಾವು ದಿನವೂ ಆಡುವ ಕನ್ನಡದಲ್ಲಿಯೇ ಈ ಸಂತೆ ಸೇರಿದೆ. ಅಜ್ಜಂಪುರದವರು ಅಮೃತಮಹಲ್ ದನಗಳ ಹೆಸರನ್ನು ಹೆಮ್ಮೆಯಿಂದ ಹೇಳುತ್ತೀರಿ. ಒಡೆಯರ ಕಾಲದಲ್ಲಿ ಆ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಟಿಪ್ಪು ಅದನ್ನು ಅಮೃತಮಹಲ್ ಎಂದು ಕರೆದ. ಅಮೃತ ಸಂಸ್ಕೃತ, ಮಹಲ್ ಅರಬ್ಬಿ, ದನ ಕಾಯುವವನು ಕನ್ನಡಿಗ! ಹಮಾಲಿ ಎಂಬುದು ಅರಬ್ಬಿ ಮಾತು. ದಲ್ಲಾಳಿ ಎಂಬುದೂ ಅರಬ್ಬಿ ಮಾತೇ. ಇಬ್ಬರೂ ಒಂದೇ ಊರಿನಿಂದ ಹೊರಟು ಬಂದವರು. ದಾರಿಯಲ್ಲಿ ಒಬ್ಬನ ಬೆನ್ನಿಗೆ ಮೂಟೆ ಬಿತ್ತು, ಇನ್ನೊಬ್ಬನ ಕೈಗೆ ಕಮಿಷನ್ ಬಂತು. ಅಸಲು ಎಂಬ ಮಾತು ಅರಬ್ಬಿಯಿಂದ ಬಂತು, ಬಡ್ಡಿ ಎಂಬುದು ಸಂಸ್ಕೃತದ ವೃದ್ಧಿಯಿಂದ ಬಂತು, ಎರಡನ್ನೂ ತೀರಿಸುವವರು ಮಾತ್ರ ನಾವು.

ವರ್ತಕ ಮಿತ್ರರೇ, ಭಾಷೆ ಕಲಿಯುವುದರಲ್ಲಿ ನಿಮ್ಮನ್ನು ಮೀರಿಸುವ ಪಂಡಿತರಿಲ್ಲ. ಕಡೂರಿನ ಒಬ್ಬ ಬಟ್ಟೆ ಅಂಗಡಿಯವರನ್ನು ನಾವು ಬಲ್ಲೆವು. ಮನೆಯಲ್ಲಿ ತೆಲುಗು, ಗಿರಾಕಿಯೊಡನೆ ಕನ್ನಡ, ಪಕ್ಕದ ಅಂಗಡಿಯ ಸಾಹೇಬರೊಡನೆ ಉರ್ದು, ಸೂರತ್ತಿನಿಂದ ಫೋನು ಬಂದರೆ ಹಿಂದಿ, ತಾಂಡಾದಿಂದ ಹೆಂಗಸರು ಬಂದರೆ ನಾಲ್ಕು ಮಾತು ಲಂಬಾಣಿ. ವ್ಯಾಕರಣ ಓದಿದವರಲ್ಲ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಒಂದೇ ಸೂತ್ರ ಅವರಿಗೆ ಇಷ್ಟು ಭಾಷೆ ಕಲಿಸಿತು. ಗಿರಾಕಿಗೆ ತನ್ನ ಭಾಷೆ ಬರಲಿಲ್ಲವೆಂದು ಅವರು ಎಂದೂ ನಗಲಿಲ್ಲ. ನಕ್ಕಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಿದ್ದ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವಶ್ಯಕತೆ ಇರುವ ಕಡೆ, ಅವಮಾನ ಇಲ್ಲದ ಕಡೆ, ಮನುಷ್ಯ ತಾನಾಗಿ ಭಾಷೆ ಕಲಿಯುತ್ತಾನೆ. ಸಂತೆಯಲ್ಲಿ ಈ ಎರಡೂ ಇವೆ. ಆದರೆ ನಮ್ಮ ಶಾಲೆಗಳಲ್ಲಿ? ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಮೇಷ್ಟ್ರ ತಪ್ಪು

ನಾವು ಪಕ್ಷದ ಕೆಲಸಕ್ಕೆ ಬರುವ ಮೊದಲು ಕೆಲವು ವರ್ಷ ಹುಡುಗರಿಗೆ ಪಾಠ ಹೇಳಿದವರು. ನಾವು ಕಲಿಸುತ್ತಿದ್ದ ಕಡೆಗೆ ಒಂದು ತಾಂಡಾದಿಂದ ಮಕ್ಕಳು ಬರುತ್ತಿದ್ದರು. ಒಂದನೆಯ ತರಗತಿಗೆ ಒಬ್ಬ ಹುಡುಗ ಸೇರಿದ. ಚಿತ್ರಪಟ ತೋರಿಸಿ ಹೆಸರು ಹೇಳಿಸುವ ಪಾಠ. ರೊಟ್ಟಿಯ ಚಿತ್ರ ತೋರಿಸಿ "ಇದೇನಪ್ಪ?" ಎಂದೆವು. ಹುಡುಗ ಉತ್ಸಾಹದಿಂದ ಎದ್ದು ನಿಂತು "ಬಾಟಿ" ಎಂದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾವೂ ನಕ್ಕೆವು. "ಬಾಟಿ ಅಲ್ಲ ಕಣೋ, ರೊಟ್ಟಿ ಅನ್ನು" ಎಂದೆವು. ನೀರಿನ ಚಿತ್ರ ತೋರಿಸಿದೆವು. ಅವನು ಹೇಳಲಿಲ್ಲ. ತಾಯಿಯ ಚಿತ್ರ ತೋರಿಸಿದೆವು. ಅದಕ್ಕೂ ಬಾಯಿ ಬಿಡಲಿಲ್ಲ. ಗದರಿಸಿದೆವು. ಹಾಗೆಯೇ ನಿಂತಿದ್ದ.

ಆಮೇಲೆ ಆ ಹುಡುಗ ತರಗತಿಯಲ್ಲಿ ಮಾತೇ ಆಡಲಿಲ್ಲ. ತಪಾಸಣೆಗೆ ಬಂದವರು ಕೇಳಿದಾಗ "ಹುಡುಗ ಮಂದ" ಎಂದೆವು. ಎರಡನೆಯ ವರ್ಷ ತಂದೆತಾಯಿಗಳು ಕಬ್ಬು ಕಡಿಯಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋದರು. ಅವನು ತಿರುಗಿ ಶಾಲೆಗೆ ಬರಲಿಲ್ಲ. ನಾವೂ ಹುಡುಕಿಕೊಂಡು ಹೋಗಲಿಲ್ಲ.

ಲಂಬಾಣಿಯಲ್ಲಿ ರೊಟ್ಟಿಗೆ ಬಾಟಿ ಎನ್ನುತ್ತಾರೆ. ನೀರಿಗೆ ಪಾಣಿ ಎನ್ನುತ್ತಾರೆ. ತಾಯಿಗೆ ಯಾಡಿ ಎನ್ನುತ್ತಾರೆ. ಹುಡುಗನ ಉತ್ತರ ಸರಿಯಾಗಿಯೇ ಇತ್ತು. ಆ ದಿನ ಆ ಕೋಣೆಯಲ್ಲಿ ಪಾಠ ತಿಳಿಯದಿದ್ದವರು ಒಬ್ಬರೇ, ಮೇಷ್ಟ್ರು. ಆದರೆ ನಾಪಾಸಾದದ್ದು ಹುಡುಗ!

ಈಚೆಗೆ ಒಂದು ದಿನ ಅಡಿಕೆ ಮಂಡಿಯ ಮುಂದೆ ಹಮಾಲಿಗಳ ಸದಸ್ಯತ್ವದ ಚೀಟಿ ಬರೆಯುತ್ತಾ ಕುಳಿತಿದ್ದೆವು. ಒಬ್ಬ ಯುವಕ ಬಂದು "ಮೇಷ್ಟ್ರೆ, ನನ್ ಗುರ್ತು ಸಿಕ್ತಾ?" ಎಂದ. ಅದೇ ಹುಡುಗ. ಅವನು ಅಲ್ಲಿ ಲಾರಿಯ ಚಾಲಕನೊಡನೆ ತಮಿಳು ಆಡುತ್ತಿದ್ದ, ಮಂಡಿಯ ಗುಮಾಸ್ತರೊಡನೆ ಕನ್ನಡ, ಜೊತೆಯ ಹಮಾಲಿಯೊಡನೆ ಉರ್ದು, ಮನೆಯಿಂದ ಬುತ್ತಿ ತಂದ ತಂಗಿಯೊಡನೆ ಲಂಬಾಣಿ. ನಾಲ್ಕು ಭಾಷೆ! ಒಂದನ್ನೂ ನಾವು ಕಲಿಸಿದ್ದಲ್ಲ. ಅವನನ್ನು ಮಂದ ಎಂದ ನಮಗೆ ಬರುವುದು ಒಂದೂವರೆ ಭಾಷೆ. ಆದರೆ ಈ ನಾಲ್ಕರಲ್ಲಿ ಒಂದನ್ನೂ ಅವನು ಓದಲಾರ, ಬರೆಯಲಾರ. ಸದಸ್ಯತ್ವದ ಚೀಟಿಗೆ ಹೆಬ್ಬೆಟ್ಟು ಒತ್ತಿದ. ಆ ಚೀಟಿ ನಮ್ಮ ಜೇಬಿನಲ್ಲಿ ಈಗಲೂ ಇದೆ.

ಬಂಧುಗಳೇ, ಇದನ್ನು ಕಣ್ಣೀರು ತರಿಸುವುದಕ್ಕೆ ಹೇಳುತ್ತಿಲ್ಲ. ಇದೊಂದು ಲೆಕ್ಕ. ನಮ್ಮ ದೇಶದಲ್ಲಿ ಭಾಷೆ ಕಲಿಯುವ ಹೊರೆ ಯಾವಾಗಲೂ ಒಂದೇ ದಿಕ್ಕಿಗೆ ಜಾರುತ್ತದೆ. ತಾಂಡಾದ ಮಗು ಮೇಷ್ಟ್ರ ಭಾಷೆ ಕಲಿಯಬೇಕು, ಮೇಷ್ಟ್ರು ಮಗುವಿನ ಭಾಷೆ ಕಲಿಯಬೇಕಾಗಿಲ್ಲ. ಕೆಲಸಗಾರ ಮಾಲೀಕರ ಕಾಗದದ ಭಾಷೆ ಕಲಿಯಬೇಕು, ಮಾಲೀಕರು ಕೆಲಸಗಾರನ ಭಾಷೆಯಲ್ಲಿ ಬರೆಸಬೇಕಾಗಿಲ್ಲ. ರೈತ ಬ್ಯಾಂಕಿನ ಭಾಷೆ ಕಲಿಯಬೇಕು, ಹೊರ ರಾಜ್ಯದಿಂದ ಬಂದ ಮ್ಯಾನೇಜರು ರೈತನ ಭಾಷೆ ಕಲಿಯಬೇಕಾಗಿಲ್ಲ. ಮೂಟೆ ಹೊರುವವನೇ ಭಾಷೆಯ ಮೂಟೆಯನ್ನೂ ಹೊರಬೇಕು! ಸಂಬಳ ಹೆಚ್ಚಾದವನಿಗೆ ಕಲಿಯುವ ಹೊಣೆ ಕಡಿಮೆ, ಸಂಬಳ ಕಡಿಮೆಯಾದವನಿಗೆ ಕಲಿಯುವ ಹೊಣೆ ಹೆಚ್ಚು. ಇದೆಂತಹ ನ್ಯಾಯ? ಸಮಾಜವಾದ ಎಂದರೆ ಹೊರೆಯನ್ನು ಸಮನಾಗಿ ಹಂಚುವುದು ಎಂದಾದರೆ, ಈ ಹೊರೆಯನ್ನೂ ಹಂಚಬೇಕು.

ತಾಯ್ನುಡಿಯ ಹಕ್ಕು

ನಮ್ಮ ಸಂವಿಧಾನಕ್ಕೆ 1956ರಲ್ಲಿ 350-ಎ ಎಂಬ ವಿಧಿಯನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲವನ್ನು ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಉರ್ದು ಶಾಲೆಗಳು ನಮ್ಮ ಊರುಗಳಲ್ಲಿ ಇವೆ, ಇರಬೇಕು. ಲಂಬಾಣಿಗೆ ಏನಾಯಿತು? 2011ರ ಜನಗಣತಿಯಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯ್ನುಡಿ ಲಂಬಾಣಿ ಎಂದು ಬರೆಸಿದರು. ಪಟ್ಟಿ ಅಚ್ಚಾಗುವಾಗ ಅವರನ್ನೆಲ್ಲ ಹಿಂದಿಯ ಲೆಕ್ಕಕ್ಕೆ ಸೇರಿಸಿದರು. ತರೀಕೆರೆಯ ತಾಂಡಾದ ಅಜ್ಜಿಗೆ ಹಿಂದಿ ಬರುವುದಿಲ್ಲ. ಆದರೆ ದೆಹಲಿಯ ಪುಸ್ತಕದಲ್ಲಿ ಆಕೆ ಹಿಂದಿಯವಳು!

ಆ ಜನರ ಹಿಂದಿನ ಕಸುಬನ್ನು ನೆನೆಯಿರಿ. ರೈಲು, ಲಾರಿ ಇಲ್ಲದ ಕಾಲದಲ್ಲಿ ಎತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶದ ಉದ್ದಗಲಕ್ಕೂ ಸಾಗಿಸಿದವರು ಅವರು. ನಮ್ಮ ವರ್ತಕರ ಹಿರಿಯರು ಅವರೇ ಎಂದರೂ ತಪ್ಪಿಲ್ಲ. ಹೋದ ಕಡೆಯ ಮಾತನ್ನೆಲ್ಲ ಕಲಿತರು. ತಮ್ಮ ಮಾತನ್ನೂ ಉಳಿಸಿಕೊಂಡರು. ಅದಕ್ಕೆ ತನ್ನದೇ ಲಿಪಿಯಿಲ್ಲ. ಇಲ್ಲಿ ಕನ್ನಡ ಅಕ್ಷರದಲ್ಲಿ, ತೆಲಂಗಾಣದಲ್ಲಿ ತೆಲುಗು ಅಕ್ಷರದಲ್ಲಿ, ಮಹಾರಾಷ್ಟ್ರದಲ್ಲಿ ನಾಗರಿಯಲ್ಲಿ ಬರೆಯುತ್ತಾರೆ. ಇದರಿಂದ ಒಂದು ಅನುಕೂಲವಿದೆ. ನಮ್ಮ ಮೇಷ್ಟ್ರು ಕನ್ನಡ ಅಕ್ಷರದಲ್ಲಿಯೇ ಬಾಟಿ, ಪಾಣಿ, ಯಾಡಿ ಎಂದು ಬರೆದು ತೋರಿಸಬಹುದು. ಮಗು ತನಗೆ ಗೊತ್ತಿರುವ ಮಾತಿನ ಮೂಲಕ ಅಕ್ಷರ ಹಿಡಿಯುತ್ತದೆ, ಅಕ್ಷರದ ಮೂಲಕ ಕನ್ನಡ ಹಿಡಿಯುತ್ತದೆ. ಒಡಿಶಾದಲ್ಲಿ 2006ರ ಸುಮಾರಿನಿಂದ ಬುಡಕಟ್ಟು ಮಕ್ಕಳಿಗೆ ಅವರ ನುಡಿಯಲ್ಲಿಯೇ ಪಾಠ ಪ್ರಾರಂಭಿಸಿ ಮೆಲ್ಲಗೆ ಒಡಿಯಾಕ್ಕೆ ತರುವ ಏರ್ಪಾಡು ಮಾಡಿದರು. ಅಲ್ಲಿ ಆಗುವುದು ಇಲ್ಲಿ ಏಕೆ ಆಗಲಾರದು? ತಾಂಡಾದಲ್ಲಿಯೇ ಓದಿದ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಒಬ್ಬರನ್ನು ಒಂದನೆಯ ತರಗತಿಗೆ ಸಹಾಯಕರನ್ನಾಗಿ ಇಟ್ಟರೆ ಸಾಕು.

ಕನ್ನಡ ಮನೆಮಾತಾದವರೂ ನೆಮ್ಮದಿಯಿಂದಿಲ್ಲ. "ಹಾಲು" ಎನ್ನುವ ಕಡೆ "ಆಲು" ಎಂದರೆ, "ಹೋಗು" ಎನ್ನುವ ಕಡೆ "ವೋಗು" ಎಂದರೆ ಪೇಟೆಯವರು ನಗುತ್ತಾರೆ. ಹಳ್ಳಿಯ ಹುಡುಗಿ ಕಾಲೇಜಿನಲ್ಲಿ ಬಾಯಿ ಬಿಡಲು ಹೆದರುತ್ತಾಳೆ. ಆ ನಗೆ ಭಾಷೆಯ ಮೇಲಿನ ನಗೆಯಲ್ಲ, ಕುಲದ ಮೇಲಿನ, ಬಡತನದ ಮೇಲಿನ ನಗೆ. ಬರೆಯುವ ಕನ್ನಡ ಎಲ್ಲರಿಗೂ ಕಲಿಸೋಣ. ಆದರೆ ಮನೆಯ ಕನ್ನಡವನ್ನು ಹೊಸ್ತಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಬಾ ಎನ್ನುವುದು ಬೇಡ.

ಇಲ್ಲಿ ನಮ್ಮ ಪಕ್ಷದ ತಪ್ಪನ್ನೂ ಹೇಳಿಬಿಡಬೇಕು. ಹೋದ ವರ್ಷ ಒಂದು ಕರಪತ್ರ ಹಂಚಿದೆವು. "ಬಂಡವಾಳಶಾಹಿ ಶೋಷಣೆಯ ವಿರುದ್ಧ ಸಂಘಟಿತ ಪ್ರತಿರೋಧ" ಎಂದು ತಲೆಬರಹ. ಒಬ್ಬ ಹಮಾಲಿ ಹಿರಿಯರು ಓದಿಸಿ ಕೇಳಿ, "ಸ್ವಾಮಿ, ಇದು ನಮ್ಮ ಪರವಾಗದೋ ಸಾವ್ಕಾರ್ರ ಪರವಾಗದೋ?" ಎಂದರು. ನಾವು ತಲೆ ತಗ್ಗಿಸಿದೆವು. ಇಂಗ್ಲಿಷ್ ಕಾಗದ ಅವರಿಗೆ ಎಷ್ಟು ದೂರವೋ ನಮ್ಮ ಕನ್ನಡವೂ ಅಷ್ಟೇ ದೂರವಾಗಿತ್ತು.

ಇಂಗ್ಲಿಷಿನ ಪ್ರಶ್ನೆ

ಈಗ ಇಂಗ್ಲಿಷಿಗೆ ಬರೋಣ. ಕೂಲಿಯಲ್ಲಿ ಅರ್ಧ ಫೀಜಿಗೆ ಕೊಟ್ಟು ಮಗುವನ್ನು ಕಾನ್ವೆಂಟಿನ ವ್ಯಾನಿಗೆ ಹತ್ತಿಸುವ ತಾಯಿಯನ್ನು ನಾವು ಬೈಯುವುದಿಲ್ಲ. ಆಕೆ ಮೂರ್ಖಳಲ್ಲ. ನೌಕರಿಯ ಬಾಗಿಲ ಬೀಗದ ಕೈ ಯಾವ ಭಾಷೆಯಲ್ಲಿದೆ ಎಂದು ಆಕೆಗೆ ಗೊತ್ತಿದೆ. ಮಂತ್ರಿಗಳ ಮಕ್ಕಳು, ಅಧಿಕಾರಿಗಳ ಮಕ್ಕಳು ಎಲ್ಲಿ ಓದುತ್ತಾರೆಂದೂ ಗೊತ್ತಿದೆ. ವೇದಿಕೆಯ ಮೇಲೆ ಕನ್ನಡ, ಮನೆಯಲ್ಲಿ ಇಂಗ್ಲಿಷ್ ಎನ್ನುವ ಮುಖಂಡರ ಉಪದೇಶ ಆಕೆಗೆ ಬೇಕಾಗಿಲ್ಲ.

1982ರಲ್ಲಿ ಗೋಕಾಕ್ ವರದಿಗಾಗಿ ನಾಡೆಲ್ಲ ಬೀದಿಗಿಳಿಯಿತು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೆಯ ತರಗತಿಯವರೆಗೆ ತಾಯ್ನುಡಿ ಅಥವಾ ಕನ್ನಡದಲ್ಲಿಯೇ ಪಾಠ ಎಂದು ಆಜ್ಞೆ ಮಾಡಿತು. ಖಾಸಗಿ ಶಾಲೆಗಳು ನ್ಯಾಯಾಲಯಕ್ಕೆ ಹೋದವು. ಇಪ್ಪತ್ತು ವರ್ಷ ವ್ಯಾಜ್ಯ ನಡೆದು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಬೋಧನೆಯ ಭಾಷೆಯನ್ನು ಆರಿಸುವುದು ತಂದೆತಾಯಿಗಳ ಹಕ್ಕು, ಸರ್ಕಾರ ಬಲವಂತ ಮಾಡಲಾಗದು ಎಂದು ತೀರ್ಪಿತ್ತಿತು. ಆರಿಸುವ ಹಕ್ಕು! ಕೇಳಲು ಸೊಗಸಾಗಿದೆ. ದುಡ್ಡಿದ್ದವನಿಗೆ ಹತ್ತು ಶಾಲೆಗಳಲ್ಲಿ ಒಂದನ್ನು ಆರಿಸುವ ಹಕ್ಕು. ತಾಂಡಾದವನಿಗೆ ಒಬ್ಬರೇ ಮೇಷ್ಟ್ರಿರುವ ಶಾಲೆಯನ್ನು ಆರಿಸುವ ಹಕ್ಕು!

ನಮ್ಮ ಅಭಿಪ್ರಾಯ ಇಷ್ಟು. ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ. ಲೆಕ್ಕವನ್ನು, ನೆಲದ ನೀರಿನ ವಿಚಾರವನ್ನು ಮಗು ತನಗೆ ತಿಳಿಯುವ ಮಾತಿನಲ್ಲಿ ಕಲಿಯಲಿ. ಇಂಗ್ಲಿಷನ್ನು ಒಂದು ಭಾಷೆಯಾಗಿ, ಚೆನ್ನಾಗಿ ಬಲ್ಲ ಮೇಷ್ಟ್ರಿಂದ, ಸರ್ಕಾರಿ ಶಾಲೆಯಲ್ಲಿಯೇ ಕಲಿಯಲಿ. ಅರ್ಥವಾಗದ ಭಾಷೆಯಲ್ಲಿ ಉರು ಹೊಡೆದ ಮಗು ಕೊನೆಗೆ ಇಂಗ್ಲಿಷನ್ನೂ ಕಲಿಯುವುದಿಲ್ಲ, ಲೆಕ್ಕವನ್ನೂ ಕಲಿಯುವುದಿಲ್ಲ. ತಾಯ್ನುಡಿಯೇ ಕಲಿಸುವುದಕ್ಕೆ ಉತ್ತಮ ಎಂದು ಯುನೆಸ್ಕೋ ತಜ್ಞರ ವರದಿ 1953ರಷ್ಟು ಹಿಂದೆಯೇ ಹೇಳಿದೆ.

ನಮ್ಮ ಚಳವಳಿಗೆ ಡಾ. ರಾಮಮನೋಹರ ಲೋಹಿಯಾ ಅವರ ಬಳುವಳಿಯಿದೆ. 1951ರಲ್ಲಿ ಕಾಗೋಡು ರೈತರ ಸತ್ಯಾಗ್ರಹಕ್ಕೆ ಸಾಗರಕ್ಕೆ ಬಂದು ಬಂಧನಕ್ಕೊಳಗಾದವರು ಅವರು. ಇಂಗ್ಲಿಷ್ ತೊಲಗಲಿ ಎಂದು ದೇಶವೆಲ್ಲ ಸಾರಿದವರೂ ಅವರೇ. ಆದ್ದರಿಂದ ಅವರು ಭಾಷೆಗಳ ವೈರಿ ಎಂದು ಕೆಲವರು ತಿಳಿದಿದ್ದಾರೆ. ಇದೇ ಲೋಹಿಯಾ ಬರ್ಲಿನ್ನಿಗೆ ಹೋಗಿ ಜರ್ಮನ್ ಭಾಷೆ ಕಲಿತು ಡಾಕ್ಟರೇಟ್ ಪಡೆದವರು. ಅವರ ಜಗಳ ಇಂಗ್ಲಿಷಿನ ಗದ್ದುಗೆಯೊಡನೆ. ಇಂಗ್ಲಿಷ್ ಪುಸ್ತಕದೊಡನೆ ಅಲ್ಲ. ಶಾಂತವೇರಿ ಗೋಪಾಲಗೌಡರು ಶಾಸನಸಭೆಯಲ್ಲಿ ಕನ್ನಡದ ಪರವಾಗಿ, ಈ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಗಾಗಿ ವಾದಿಸಿದರು. 1972ರಲ್ಲಿ ಅವರು ತೀರಿಕೊಂಡರು. 1973ರಲ್ಲಿ ಆ ಹೆಸರು ಬಂತು. ಉಳುವವನಿಗೆ ನೆಲ ಬೇಕು ಎಂದವರೇ ಆಡುವವನಿಗೆ ಅವನ ಮಾತು ಬೇಕು ಎಂದರು. ಈ ಎರಡು ಬೇಡಿಕೆಗಳನ್ನು ಅವರು ಬೇರೆ ಮಾಡಲಿಲ್ಲ.

ಆದರೆ ಒಂದು ಎಚ್ಚರಿಕೆ. ಕನ್ನಡಕ್ಕೆ ಹಕ್ಕು ಕೇಳುವ ನಾವು ನಮಗಿಂತ ಚಿಕ್ಕ ನುಡಿಗಳ ಕುತ್ತಿಗೆಯ ಮೇಲೆ ಕೂರಬಾರದು. ಪಾಕಿಸ್ತಾನದ ಆಳುವವರು ಬಂಗಾಳಿ ಆಡುವ ಜನರ ಮೇಲೆ ಉರ್ದುವನ್ನು ಹೇರಲು ಹೋದರು. 1952ರ ಫೆಬ್ರುವರಿ 21ರಂದು ಢಾಕಾದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1971ರಲ್ಲಿ ಆ ದೇಶವೇ ಎರಡಾಯಿತು. ಈಗ ಲೋಕವೆಲ್ಲ ಫೆಬ್ರುವರಿ 21ನ್ನು ತಾಯ್ನುಡಿಯ ದಿನವೆಂದು ಆಚರಿಸುತ್ತದೆ. ಅಲ್ಲಿ ತಪ್ಪು ಉರ್ದು ಭಾಷೆಯದಲ್ಲ. ನಮ್ಮ ಗಿರಣಿಯ ಸಾಬರ ಮನೆಯ ಉರ್ದು ಯಾರ ಮೇಲೂ ಗುಂಡು ಹಾರಿಸಿಲ್ಲ. ಯಾವ ಭಾಷೆಯೇ ಆಗಲಿ, ಸರ್ಕಾರದ ಕೋಲು ಹಿಡಿದಾಗ ಕ್ರೂರವಾಗುತ್ತದೆ. ಕನ್ನಡವೂ ಇದಕ್ಕೆ ಹೊರತಲ್ಲ. ತಾಂಡಾದ ಹುಡುಗನ ಮೇಲೆ ನಾವು ಹಿಡಿದದ್ದು ಕನ್ನಡದ ಕೋಲು.

ನಾವೇನು ಮಾಡಬೇಕು?

ಬ್ರೆಜಿಲ್ ದೇಶದಲ್ಲಿ ಪೌಲೊ ಫ್ರೇರಿ ಎಂಬ ಮೇಷ್ಟ್ರೊಬ್ಬರಿದ್ದರು. 1963ರಲ್ಲಿ ಆಂಜಿಕೋಸ್ ಎಂಬ ಬಡ ಊರಿನಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸುವ ಕೆಲಸ ನಡೆಸಿದರು. ಅವರು ಮಕ್ಕಳ ಬಾಲಬೋಧೆ ಹಿಡಿದು ಹೋಗಲಿಲ್ಲ. ಆ ಜನ ದಿನವೂ ಆಡುವ ಮಾತುಗಳನ್ನು, ಅವರ ಕೆಲಸದ, ಮನೆಯ ಮಾತುಗಳನ್ನು ಆರಿಸಿ, ಅವುಗಳಿಂದಲೇ ಅಕ್ಷರ ಹೇಳಿಕೊಟ್ಟರು. ಆ ದೇಶದಲ್ಲಿ ಆಗ ಓದು ಬಾರದವನಿಗೆ ಓಟು ಇರಲಿಲ್ಲ. ಆದ್ದರಿಂದ ಓದು ಕಲಿಸುವುದೆಂದರೆ ಓಟು ಕೊಡಿಸುವುದೇ ಆಗಿತ್ತು. ಮರುವರ್ಷ ಸೈನ್ಯದವರು ಅಧಿಕಾರ ಹಿಡಿದಾಗ ಆ ಮೇಷ್ಟ್ರನ್ನು ಜೈಲಿಗೆ ಹಾಕಿದರು! ಬಡವರಿಗೆ ಅಕ್ಷರ ಕಲಿಸುವುದು ಆಳುವವರಿಗೆ ಏಕೆ ಭಯ ಹುಟ್ಟಿಸುತ್ತದೆಂದು ಇನ್ನು ವಿವರಿಸಬೇಕಾಗಿಲ್ಲ.

ನಾವೂ ಮೂರು ಕೆಲಸಗಳನ್ನು ಹಿಡಿಯೋಣ.

ಮೊದಲನೆಯದು: ಓದಿ ತಿಳಿಯದ ಕಾಗದಕ್ಕೆ ಯಾರೂ ರುಜು ಹಾಕತಕ್ಕದ್ದಲ್ಲ, ಹೆಬ್ಬೆಟ್ಟು ಒತ್ತತಕ್ಕದ್ದಲ್ಲ. "ಕನ್ನಡದಲ್ಲಿ ಕೊಡಿ, ಓದಿ ನಾಳೆ ತರುತ್ತೇನೆ" ಎನ್ನಿ. ಒಬ್ಬ ಹೇಳಿದರೆ ಗದರಿಸುತ್ತಾರೆ, ನೂರು ಜನ ಹೇಳಿದರೆ ಕನ್ನಡದಲ್ಲಿ ಬರೆಸುತ್ತಾರೆ. ಮೂರು ಊರುಗಳ ನಮ್ಮ ಕಚೇರಿಯಲ್ಲಿಯೂ ಸಂಜೆ ಹೊತ್ತು ಕಾಗದ ಓದಿ ಹೇಳುವವರು ಇರುತ್ತಾರೆ. ನಮಗೆ ತಿಳಿಯದಿದ್ದರೆ ತಿಳಿಯದೆಂದು ಹೇಳಿ ವಕೀಲರಲ್ಲಿಗೆ ಕರೆದೊಯ್ಯುತ್ತೇವೆ. ಮತ್ತೆ ನಾಚಿಕೆಪಡುವುದಿಲ್ಲ. ವರ್ತಕ ಮಿತ್ರರೇ, ನಿಮ್ಮ ತೂಕದ ಚೀಟಿ, ಬಿಲ್ಲು, ಕೂಲಿಯ ಲೆಕ್ಕ ಮೊದಲು ಕನ್ನಡದಲ್ಲಿ ಆಗಲಿ. ಆಗ ಬ್ಯಾಂಕಿನವರನ್ನು ಕೇಳುವ ನೈತಿಕ ಬಲ ನಮಗೆ ಬರುತ್ತದೆ.

ಎರಡನೆಯದು: ತಾಂಡಾದ ಮಕ್ಕಳು ಬರುವ ಪ್ರತಿಯೊಂದು ಶಾಲೆಗೂ ಲಂಬಾಣಿ ಬಲ್ಲ ಒಬ್ಬ ಸಹಾಯಕರು ಬೇಕೆಂದು ಶಿಕ್ಷಣ ಇಲಾಖೆಗೆ ಅರ್ಜಿ ಕೊಡೋಣ. ಮೇಷ್ಟ್ರುಗಳಲ್ಲಿ ನಮ್ಮ ವಿನಂತಿ ಒಂದೇ. ದಿನಕ್ಕೆ ಒಂದು ಮಾತಿನಂತೆ ಮಕ್ಕಳಿಂದ ಕಲಿಯಿರಿ. ಮಗು ತನ್ನ ಮೇಷ್ಟ್ರಿಗೆ ಮೇಷ್ಟ್ರಾದ ದಿನ ಅದಕ್ಕೆ ಶಾಲೆ ತನ್ನದೆನಿಸುತ್ತದೆ.

ಮೂರನೆಯದು: ರಾತ್ರಿ ತರಗತಿ. ಮೊದಲ ಪಾಠ "ಅರಸ, ಆನೆ" ಅಲ್ಲ. ಅರಸನೂ ಇಲ್ಲ, ಆನೆ ಮಂಡಿಗೆ ಬರುವುದೂ ಇಲ್ಲ. ಕೂಲಿ, ಮೂಟೆ, ತೂಕ, ಬಾಕಿ, ರಜ, ರುಜು, ಈ ಮಾತುಗಳಿಂದ ಪಾಠ ಪ್ರಾರಂಭ. ಕನ್ನಡ ಬಲ್ಲವರು ಕನ್ನಡ ಓದು ಹೇಳಿಕೊಡಲಿ. ಇಂಗ್ಲಿಷ್ ಬಲ್ಲ ಕಾಲೇಜು ಹುಡುಗರು ಪಿ.ಎಫ್. ಚೀಟಿ ಓದುವುದನ್ನು ಹೇಳಿಕೊಡಲಿ. ಹಮಾಲಿಗಳು ತಮ್ಮ ತಮಿಳನ್ನೋ ಉರ್ದುವನ್ನೋ ಲಂಬಾಣಿಯನ್ನೋ ನಮಗೆ ಹೇಳಿಕೊಡಲಿ. ಆ ಕೋಣೆಯಲ್ಲಿ ಕಲಿಸುವವನೇ ಬೇರೆ, ಕಲಿಯುವವನೇ ಬೇರೆ ಎಂಬುದು ಬೇಡ.

ಆ ಯುವಕನಿಗೆ ನಾವು ಹೇಳಿದ್ದೇವೆ, "ನೀನು ಬಾಪ್ಪ, ಅಕ್ಷರ ಹೇಳಿಕೊಡುತ್ತೇವೆ" ಎಂದು. ಅವನು ನಕ್ಕು, "ಬತ್ತೀನಿ ಮೇಷ್ಟ್ರೆ, ಆದ್ರೆ ಮೊದಲ್ನೇ ಮಾತು ಬಾಟಿ ಅಂತ ಬರ್ಕೊಡಿ" ಎಂದ. ಬರೆದುಕೊಡುತ್ತೇವೆ. ಬಾಟಿ ಎಂದರೆ ರೊಟ್ಟಿ. ನಮ್ಮ ಹೋರಾಟವೆಲ್ಲ ಅದಕ್ಕಾಗಿಯೇ ಅಲ್ಲವೆ?